ಮಂದೆ ಕಾಯುವ ನಾಯಿ: ತಳಿ, ತರಬೇತಿ ಮತ್ತು ವ್ಯಾಪಾರ

ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ, ಹೊಸಕೋಟೆಯ ಪಿಲ್ಲಗುಂಪೆ ಮುಂತಾದ ಕೈಗಾರಿಕಾ ಪ್ರದೇಶಗಳಲ್ಲಿ ಸಂಚರಿಸುವವರಿಗೆ ಒಂದು ದೃಶ್ಯ ಚಿರಪರಿಚಿತ. ಕಾರ್ಖಾನೆಯ ಗೇಟಿನ ಬಳಿ ಕಾವಲುಗಾರನ ಕೊಠಡಿ. ಅದರ ಪಕ್ಕದಲ್ಲಿ ಸರಪಳಿಗೆ ಕಟ್ಟಿದ ಒಂದು ಜರ್ಮನ್ ಷೆಫರ್ಡ್ ನಾಯಿ. ಬಂದವರನ್ನೂ ಹೋದವರನ್ನೂ ಒಂದೇ ಸಮನೆ ಬೊಗಳುವುದು ಅದರ ದಿನಚರಿ. 'ಷೆಫರ್ಡ್' ಎಂದರೆ ಕುರಿಗಾಹಿ ಎಂಬುದನ್ನು ನಾವು ಮರೆತಿದ್ದೇವೆ. ಮೇಯುವ ಮಂದೆಯ ಸುತ್ತ ದಿನವಿಡೀ ಓಡಾಡಿ, ಒಡೆಯನ ಮಾತಿಗೆ ಕಿವಿಗೊಟ್ಟು, ಕುರಿಗಳು ಬೆಳೆಗೆ ನುಗ್ಗದಂತೆ ತಡೆಯುವುದಕ್ಕಾಗಿ ರೂಪುಗೊಂಡ ಪ್ರಾಣಿಯನ್ನು ಆರು ಅಡಿ ಸರಪಳಿಯಲ್ಲಿ ಕಟ್ಟಿಹಾಕಿ, ಅದು ಮುಂಗೋಪಿಯಾಯಿತೆಂದು ದೂರುತ್ತೇವೆ.

ಈ ನಾಯಿಯನ್ನು ಕೊಳ್ಳುವಾಗ ನಮ್ಮಲ್ಲಿ ಹೆಚ್ಚಿನವರು ನೋಡುವುದು ಎರಡನ್ನೇ: ಮರಿಯ ಅಂದ ಮತ್ತು ಅದರ ವಂಶಾವಳಿಯ ಕಾಗದ. ನೂಲನ್ನು ಎಳೆದು ನೋಡದೆ ಕೊಳ್ಳದ ನೇಕಾರ, ಬೇರಿಂಗನ್ನು ತಿರುಗಿಸಿ ನೋಡದೆ ಒಪ್ಪದ ಕಾರ್ಖಾನೆದಾರ, ನಾಯಿಯ ವಿಷಯದಲ್ಲಿ ಮಾತ್ರ ಪರೀಕ್ಷೆಯನ್ನೇ ಕೇಳುವುದಿಲ್ಲ. ಬೆಂಗಳೂರು ಮಹಾನಗರದ ಸುತ್ತ ನಾಯಿ ತಳಿ ಸಂವರ್ಧನೆ, ತರಬೇತಿ ಮತ್ತು ಶ್ವಾನ ಕ್ರೀಡೆಗಳು ಒಂದು ಉದ್ಯಮವಾಗಿ ಬೆಳೆಯುತ್ತಿರುವ ಈ ಸಂದರ್ಭದಲ್ಲಿ, ಆ ಉದ್ಯಮ ನಿಲ್ಲಬೇಕಾದ ನೆಲೆ ಯಾವುದು ಎಂಬುದನ್ನು ಸದಸ್ಯರ ಮುಂದಿಡುವುದು ಈ ಲೇಖನದ ಉದ್ದೇಶ.

ಪಂದ್ಯವಾಗಿ ಹುಟ್ಟಿದ ಪರೀಕ್ಷೆ

ಕುರಿನಾಯಿಗಳ ಪಂದ್ಯಕ್ಕೆ ನೂರೈವತ್ತು ವರ್ಷಗಳ ಇತಿಹಾಸವಿದೆ. 1873ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಬಾಲಾ ಎಂಬ ಊರಿನಲ್ಲಿ ಆರ್. ಜೆ. ಲಾಯ್ಡ್ ಪ್ರೈಸ್ ಎಂಬ ಜಮೀನುದಾರ ಇಂತಹ ಮೊದಲ ಪ್ರಸಿದ್ಧ ಪಂದ್ಯವನ್ನು ಏರ್ಪಡಿಸಿದ. ಹತ್ತು ನಾಯಿಗಳು ಭಾಗವಹಿಸಿದ್ದವು. ವೇಲ್ಸ್‌ನಲ್ಲಿ ನೆಲೆಸಿದ್ದ ಸ್ಕಾಟ್ಲೆಂಡಿನ ಜೇಮ್ಸ್ ಥಾಮ್ಸನ್ ಎಂಬಾತನ 'ಟ್ವೀಡ್' ಎಂಬ ನಾಯಿ ಗೆದ್ದಿತು. ನೋಡಲು ಬಂದವರಿಗೆ ಅದು ಮನರಂಜನೆ. ಕುರಿ ಸಾಕುವವರಿಗೆ ಯಾವ ನಾಯಿಯ ಮರಿಯನ್ನು ಕೊಳ್ಳಬೇಕೆಂದು ಕಣ್ಣಾರೆ ಕಂಡು ತೀರ್ಮಾನಿಸುವ ಅವಕಾಶ. 1906ರಲ್ಲಿ ಅಂತರರಾಷ್ಟ್ರೀಯ ಕುರಿನಾಯಿ ಸಂಘ ಸ್ಥಾಪನೆಯಾಯಿತು. ಇಂದಿಗೂ ಬಾರ್ಡರ್ ಕೋಲಿ ತಳಿಯ ಕೆಲಸಗಾರ ನಾಯಿಗಳ ಮುಖ್ಯ ದಾಖಲೆ ಅದರದೇ.

ಪಂದ್ಯದ ಅಂಕಪಟ್ಟಿಯನ್ನು ಗಮನಿಸಿದರೆ ಅದರ ಹಿಂದಿರುವ ವ್ಯಾವಹಾರಿಕ ಬುದ್ಧಿ ತಿಳಿಯುತ್ತದೆ. ಈ ಸಂಘದ ರಾಷ್ಟ್ರೀಯ ಮಟ್ಟದ ಪಂದ್ಯಗಳಲ್ಲಿ ಒಬ್ಬ ತೀರ್ಪುಗಾರನ ಬಳಿ ಒಟ್ಟು 100 ಅಂಕಗಳಿರುತ್ತವೆ. ಸುಮಾರು 400 ಗಜ ದೂರದಲ್ಲಿರುವ ಕುರಿಗಳನ್ನು ಬೆದರಿಸದಂತೆ ಬಳಸಿಕೊಂಡು ಓಡಿ ಅವುಗಳ ಹಿಂದಕ್ಕೆ ಹೋಗುವುದಕ್ಕೆ 20; ಕುರಿಗಳನ್ನು ನಿಂತಲ್ಲಿಂದ ಮೆಲ್ಲನೆ ಕದಲಿಸುವುದಕ್ಕೆ 10; ನೇರ ದಾರಿಯಲ್ಲಿ ಒಡೆಯನ ಬಳಿಗೆ ತರುವುದಕ್ಕೆ 20; ಒಡೆಯನಿಂದ ದೂರಕ್ಕೆ, ನಿಗದಿತ ಗೇಟುಗಳ ನಡುವೆ ಅಟ್ಟಿಕೊಂಡು ಹೋಗುವುದಕ್ಕೆ 30; ಗುಂಪಿನಿಂದ ಕೆಲವು ಕುರಿಗಳನ್ನು ಬೇರ್ಪಡಿಸುವುದಕ್ಕೆ 10; ದೊಡ್ಡಿಯೊಳಗೆ ಸೇರಿಸುವುದಕ್ಕೆ 10. ಪ್ರತಿ ತಪ್ಪಿಗೂ ಅಂಕ ಕಳೆಯಲಾಗುತ್ತದೆ. ನಾಯಿಯ ಬಣ್ಣ, ಕಿವಿಯ ನಿಲುವು, ಬಾಲದ ಬಾಗು ಇವಾವುದಕ್ಕೂ ಒಂದು ಅಂಕವೂ ಇಲ್ಲ. ಹೊಲದಲ್ಲಿ ದಿನವೂ ಬೇಕಾಗುವ ಕೆಲಸಗಳೇ ಇಲ್ಲಿನ ಪ್ರಶ್ನೆಪತ್ರಿಕೆ.

ಅದೇ ಸಂಘದಲ್ಲಿ ಇನ್ನೊಂದು ವ್ಯವಸ್ಥೆಯೂ ಇದೆ. ತಂದೆತಾಯಿಯ ದಾಖಲೆ ಇಲ್ಲದ ನಾಯಿಯೊಂದು ಪರೀಕ್ಷಕರ ಮುಂದೆ ಕೆಲಸದಲ್ಲಿ ತನ್ನ ಯೋಗ್ಯತೆಯನ್ನು ತೋರಿಸಿ, ಆರೋಗ್ಯ ತಪಾಸಣೆಯಲ್ಲಿಯೂ ಉತ್ತೀರ್ಣವಾದರೆ, 'ಅರ್ಹತೆಯ ಮೇಲೆ' ಅದನ್ನು ದಾಖಲೆ ಪುಸ್ತಕಕ್ಕೆ ಸೇರಿಸಿಕೊಳ್ಳಲು ಅವಕಾಶವಿದೆ. ಜರ್ಮನಿಯ ಷೆಫರ್ಡ್ ನಾಯಿಗಳ ಸಂಘವನ್ನು 1899ರಲ್ಲಿ ಸ್ಥಾಪಿಸಿದ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಸೇನಾಧಿಕಾರಿಯೂ ಉಪಯುಕ್ತತೆಯನ್ನೇ ತಳಿಯ ಮೊದಲ ಲಕ್ಷಣವೆಂದು ಎಣಿಸಿದ. ಆ ದೇಶದಲ್ಲಿ ತಳಿಗೆ ಬಳಸುವ ನಾಯಿ ಕೆಲಸದ ಪರೀಕ್ಷೆಯನ್ನೂ ದಾಟಿರಬೇಕೆಂಬ ನಿಯಮ ಬೆಳೆದುಬಂದದ್ದು ಈ ನಿಲುವಿನಿಂದಲೇ. ನಮ್ಮ ದೇಶದಲ್ಲಿ ಕೆನಲ್ ಕ್ಲಬ್ ನೀಡುವ ವಂಶಾವಳಿ ಪತ್ರಕ್ಕೆ ಬೆಲೆಯಿಲ್ಲವೆಂದು ಇದರ ಅರ್ಥವಲ್ಲ. ಆ ಪತ್ರ ನಾಯಿಯ ತಂದೆತಾಯಿ ಯಾರೆಂದು ಹೇಳುತ್ತದೆ. ನಾಯಿಗೆ ಏನು ಬರುತ್ತದೆ ಎಂದು ಹೇಳುವ ಹೊಣೆ ಅದರದಲ್ಲ. ಆ ಹೊಣೆಯನ್ನು ಹೊರುವ ವ್ಯವಸ್ಥೆ ನಮ್ಮಲ್ಲಿ ಇನ್ನೂ ಬೆಳೆದಿಲ್ಲ.

ನಮ್ಮ ಕುರಿಗಾಹಿಯ ನಾಯಿ

2019ರ 20ನೆಯ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿದ್ದವು. ತೆಲಂಗಾಣ ಮತ್ತು ಆಂಧ್ರಪ್ರದೇಶಗಳ ನಂತರ ನಮ್ಮದೇ ಸ್ಥಾನ. ಇಷ್ಟು ದೊಡ್ಡ ಕುರಿ ಸಂಪತ್ತಿರುವ ನಾಡಿನಲ್ಲಿ ಕುರಿನಾಯಿಗಳ ಪಂದ್ಯ ಏಕೆ ಬೆಳೆಯಲಿಲ್ಲ ಎಂಬ ಪ್ರಶ್ನೆ ಸಹಜ. ನಮ್ಮ ಕುರಿಗಾಹಿ ಮಂದೆಯ ಜೊತೆಯಲ್ಲಿಯೇ ನಡೆಯುತ್ತಾನೆ. ಕೂಗು, ಸಿಳ್ಳೆ, ಕೋಲು ಇವೇ ಅವನ ಸಾಧನಗಳು. ನಾಯಿಯ ಕೆಲಸ ಮಂದೆಯನ್ನು ನಡೆಸುವುದಲ್ಲ, ಕಾಯುವುದು. ರೈತರ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಿದ ರಾತ್ರಿಗಳಲ್ಲಿ ತೋಳ, ಚಿರತೆ, ಕಳ್ಳರ ಸುಳಿವು ಸಿಕ್ಕೊಡನೆ ಎಚ್ಚರಿಸುವುದು ಆ ನಾಯಿಯ ಧರ್ಮ. ಆದ್ದರಿಂದ ಮಂದೆ ನಡೆಸುವ ನಾಯಿ ಮತ್ತು ಮಂದೆ ಕಾಯುವ ನಾಯಿ ಇವೆರಡೂ ಬೇರೆ ಬೇರೆ ಎಂಬುದನ್ನು ಈ ಉದ್ಯಮಕ್ಕೆ ಇಳಿಯುವವರು ಮೊದಲು ತಿಳಿಯಬೇಕು. ಮೊದಲನೆಯದು ಬೇಟೆಯ ಪ್ರವೃತ್ತಿಯನ್ನು ಹತೋಟಿಯಲ್ಲಿಟ್ಟು ಕುರಿಯನ್ನು ಕಣ್ಣಿನಿಂದಲೇ ಕದಲಿಸುತ್ತದೆ. ಎರಡನೆಯದು ಮರಿಯಾಗಿದ್ದಾಗಿನಿಂದ ಕುರಿಗಳ ನಡುವೆಯೇ ಬೆಳೆದು ಅವುಗಳನ್ನು ತನ್ನವರೆಂದು ಭಾವಿಸುತ್ತದೆ. ಒಂದರ ಕೆಲಸವನ್ನು ಇನ್ನೊಂದರಿಂದ ನಿರೀಕ್ಷಿಸಿದರೆ ನಷ್ಟ ಖಚಿತ.

ಕೆಲಸದಿಂದಲೇ ಬೆಲೆ ಪಡೆದ ನಾಯಿಗೆ ಕರ್ನಾಟಕದಲ್ಲಿ ಉತ್ತಮ ಉದಾಹರಣೆ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ. ಇದು ದೃಷ್ಟಿಯಿಂದ ಬೇಟೆಯಾಡುವ ತಳಿ. ರೈತರೂ ಕುರಿಗಾರರೂ ಕಾವಲಿಗೂ ಬಳಸುತ್ತ ಬಂದಿದ್ದಾರೆ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಆಯ್ದು ಬೆಳೆಸಿದ್ದರಿಂದ ತಳಿಗೆ ಆ ಊರಿನ ಹೆಸರೇ ನಿಂತಿತು. 2005ರ ಜನವರಿಯಲ್ಲಿ ಭಾರತೀಯ ಅಂಚೆ ಇಲಾಖೆ ದೇಶೀ ನಾಯಿಗಳ ನಾಲ್ಕು ಅಂಚೆಚೀಟಿಗಳನ್ನು ಹೊರತಂದಾಗ ಅದರಲ್ಲಿ ಮುಧೋಳ ನಾಯಿಯೂ ಇತ್ತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವು ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವನ್ನು ನಡೆಸುತ್ತಿದೆ. 2016ರಲ್ಲಿ ಈ ತಳಿಯ ಮರಿಗಳು ಪರೀಕ್ಷಾರ್ಥವಾಗಿ ಮೀರತ್‌ನ ಸೇನಾ ಪಶುವೈದ್ಯ ಕೇಂದ್ರಕ್ಕೆ ಹೋದವು. 2020ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಯವರು ತಮ್ಮ ಆಕಾಶವಾಣಿ ಭಾಷಣದಲ್ಲಿ ಇದರ ಹೆಸರು ಹೇಳಿದರು. ಹೀಗೆ ಹೆಸರು ಬಂದಾಗಲೇ ತಳಿಗಾರನ ನಿಜವಾದ ಪರೀಕ್ಷೆ. ಬೇಡಿಕೆ ಇದೆಯೆಂದು ಕೈಗೆ ಸಿಕ್ಕ ನಾಯಿಗಳನ್ನೆಲ್ಲ ಕೂಡಿಸಿ ಮರಿ ಮಾರಿದರೆ, ಹತ್ತು ವರ್ಷಗಳಲ್ಲಿ ಉಳಿಯುವುದು ಹೆಸರು ಮಾತ್ರ. ಹಿಮಾಚಲದ ಕುರಿಗಾಹಿಗಳ ಗದ್ದಿ ನಾಯಿಯೂ ಇತ್ತೀಚಿನ ವರ್ಷಗಳಲ್ಲಿ ಮುಧೋಳದಂತೆಯೇ ಕರ್ನಾಲ್‌ನ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಸಂಸ್ಥೆಯ ಮಾನ್ಯತೆ ಪಡೆದಿದೆ. ಅದರ ಮುಂದೆಯೂ ಇದೇ ಪರೀಕ್ಷೆ ಇದೆ.

ಬೆಂಗಳೂರಿನ ಬಳಿಯ ತರಳುವಿನಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯ ನಾಯಿ ತಳಿ ಮತ್ತು ತರಬೇತಿ ಶಾಲೆ ಇದೆ. ಅಲ್ಲಿ ಸಿದ್ಧವಾಗುವ ನಾಯಿಗಳಲ್ಲಿ ಪ್ರಮುಖವಾದ ಬೆಲ್ಜಿಯನ್ ಮ್ಯಾಲಿನ್ವಾ ಕೂಡ ಮೂಲತಃ ಕುರಿನಾಯಿಯೇ. 1891ರಲ್ಲಿ ಬ್ರಸೆಲ್ಸ್ ಬಳಿಯ ಕ್ಯುರೆಗೆಮ್ ಪಶುವೈದ್ಯ ಶಾಲೆಯಲ್ಲಿ ಪ್ರಾಧ್ಯಾಪಕ ಅಡಾಲ್ಫ್ ರೂಲ್ 117 ನಾಯಿಗಳನ್ನು ಪರಿಶೀಲಿಸಿ ಬೆಲ್ಜಿಯಂ ಕುರಿನಾಯಿಗಳ ಪ್ರಕಾರಗಳನ್ನು ಗುರುತಿಸಿದ. ಇಂದು ಅದೇ ನಾಯಿ ಸ್ಫೋಟಕ ಪತ್ತೆ ಹಚ್ಚುತ್ತದೆ, ಕಾಡಿನಲ್ಲಿ ಗಸ್ತು ತಿರುಗುತ್ತದೆ. ಕುರಿ ಇಲ್ಲದಿದ್ದರೂ ಒಡೆಯನ ಮಾತು ಕೇಳಿ ದೂರದಲ್ಲಿ ಸ್ವತಂತ್ರವಾಗಿ ಕೆಲಸ ಮಾಡುವ ಗುಣಕ್ಕೆ ಬೆಲೆ ಇದ್ದೇ ಇದೆ.

ಲೆಕ್ಕಾಚಾರ

ನಾಯಿ ತಳಿ ಸಂವರ್ಧನೆ ಮತ್ತು ಮಾರಾಟಕ್ಕೆ ಸಂಬಂಧಿಸಿದ ಕೇಂದ್ರ ಸರ್ಕಾರದ ನಿಯಮಗಳು 2017ರಲ್ಲಿ ಬಂದವು. ತಳಿಗಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. 18 ತಿಂಗಳು ತುಂಬುವ ಮೊದಲು ಹೆಣ್ಣುನಾಯಿಯನ್ನು ತಳಿಗೆ ಬಳಸುವಂತಿಲ್ಲ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಕೂಡದು. ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಕೂಡದು. ಇದಲ್ಲದೆ 2016ರ ಏಪ್ರಿಲಿನಿಂದ ವಾಣಿಜ್ಯ ತಳಿಗಾಗಿ ವಿದೇಶದಿಂದ ನಾಯಿ ತರಿಸುವುದಕ್ಕೆ ನಿರ್ಬಂಧ ಬಂದಿದೆ.

ವ್ಯಾಪಾರಿಗಳು ಈ ನಿಯಮಗಳನ್ನು ಅಡ್ಡಿಯೆಂದು ಭಾವಿಸುವ ಮೊದಲು ಲೆಕ್ಕ ಹಾಕಿ ನೋಡಬೇಕು. ಒಂದು ಸೂಲಿಗೆ ಆರು ಮರಿ ಎಂದಿಟ್ಟುಕೊಂಡರೂ ಒಂದು ಹೆಣ್ಣುನಾಯಿಯಿಂದ ಜೀವಮಾನದಲ್ಲಿ ದೊರೆಯುವುದು ಹೆಚ್ಚೆಂದರೆ 30 ಮರಿಗಳು. ಕಾನೂನುಬದ್ಧವಾಗಿ ಸಂಖ್ಯೆ ಹೆಚ್ಚಿಸಿ ಲಾಭ ಮಾಡುವ ದಾರಿ ಇಲ್ಲಿ ಮುಚ್ಚಿದೆ. ಉಳಿದಿರುವುದು ಪ್ರತಿ ನಾಯಿಯ ಮೌಲ್ಯವನ್ನು ಹೆಚ್ಚಿಸುವ ದಾರಿ, ಅಂದರೆ ತರಬೇತಿ.

ತರಬೇತಿಗೆ ಕಾಲ ಬೇಕು. ಮರಿ ಮೂರರಿಂದ ಹದಿನಾಲ್ಕು ವಾರದೊಳಗೆ ಜನ, ವಾಹನ, ಶಬ್ದ, ಇತರ ಪ್ರಾಣಿಗಳಿಗೆ ಒಗ್ಗಿಕೊಳ್ಳಬೇಕು. ಕರೆದರೆ ಬರುವುದು, ಹೇಳಿದಲ್ಲಿ ಮಲಗುವುದು ಮೊದಲ ಪಾಠಗಳು. ಸಾಮಾನ್ಯವಾಗಿ ಎಂಟು ಹತ್ತು ತಿಂಗಳು ದಾಟಿದ ಮೇಲೆ ಕುರಿಗಳ ಪರಿಚಯ. ನಂಬಿ ಕೆಲಸಕ್ಕೆ ಬಿಡಲು ಎರಡು ವರ್ಷವಾದರೂ ಆಗುತ್ತದೆ. ಎಂಟು ವಾರದ ಮರಿಯನ್ನು ಮಾರದೆ ಎರಡು ವರ್ಷದವರೆಗೆ ಇಟ್ಟುಕೊಂಡರೆ ಸುಮಾರು 670 ದಿನಗಳ ಸಾಕಾಣಿಕೆ. ಲೆಕ್ಕದ ಅನುಕೂಲಕ್ಕಾಗಿ ಆಹಾರ ಮತ್ತು ಆರೈಕೆಗೆ ದಿನಕ್ಕೆ 150 ರೂಪಾಯಿ ಎಂದು ಹಿಡಿದರೆ 1,00,500 ರೂಪಾಯಿ ಖರ್ಚು. ತರಬೇತುದಾರನ ಸಂಬಳ, ಜಾಗದ ಬಾಡಿಗೆ, ಬಡ್ಡಿ ಬೇರೆ. ಆರು ಮರಿಗಳಲ್ಲಿ ಎರಡು ಮಾತ್ರ ಪರೀಕ್ಷೆ ದಾಟಿದವೆಂದುಕೊಂಡರೆ ಉಳಿದ ನಾಲ್ಕರ ಖರ್ಚನ್ನೂ ಅವೇ ಹೊರಬೇಕಾಗುತ್ತದೆ. ಆದುದರಿಂದ ಅನುಭವಸ್ಥ ತಳಿಗಾರ ಆರು ತಿಂಗಳೊಳಗೆ ಮರಿಗಳ ಸ್ವಭಾವವನ್ನು ಅಳೆದು, ಕೆಲಸಕ್ಕೆ ಒಗ್ಗದವನ್ನು ಒಳ್ಳೆಯ ಮನೆಗಳಿಗೆ ಸಾಕುನಾಯಿಗಳಾಗಿ ಕೊಡುತ್ತಾನೆ. ಈ ಲೆಕ್ಕ ಗೊತ್ತಿಲ್ಲದೆ ಮರಿಯ ಬೆಲೆಗೇ ತರಬೇತಾದ ನಾಯಿಯನ್ನು ಕೇಳುವ ಗ್ರಾಹಕನೂ, ತರಬೇತಿಯಿಲ್ಲದ ನಾಯಿಗೆ ತರಬೇತಾದ ನಾಯಿಯ ಬೆಲೆ ಹೇಳುವ ವ್ಯಾಪಾರಿಯೂ ಮಾರುಕಟ್ಟೆಯನ್ನು ಕೆಡಿಸುತ್ತಾರೆ.

ನಮ್ಮ ತಾಲ್ಲೂಕುಗಳಲ್ಲಿರುವ ಅವಕಾಶ

ನಮ್ಮ ಭಾಗದ ಕುರಿಗಾರರ ಹಿಂಡುಗಳು ಬಹುಮಟ್ಟಿಗೆ ಸಣ್ಣವು. ಗೋಮಾಳಗಳು ಬಡಾವಣೆಗಳಾಗುತ್ತಿವೆ, ಕೆರೆಯಂಗಳ ಮತ್ತು ರಸ್ತೆಯಂಚು ಮೇವಿನ ಆಸರೆಯಾಗುತ್ತಿವೆ. ಮೂವತ್ತು ಕುರಿಗಳ ಒಡೆಯನಿಗೆ ಲಕ್ಷ ರೂಪಾಯಿಯ ಬಾರ್ಡರ್ ಕೋಲಿಯನ್ನು ಮಾರಲು ಹೊರಡುವುದು ಅವಿವೇಕ. ಅವನಿಗೆ ಬೇಕಾದದ್ದು ಚಿರತೆಯ ಭಯವಿರುವ ರಾತ್ರಿಯಲ್ಲಿ ಎಚ್ಚರವಾಗಿರುವ, ಲಸಿಕೆ ಹಾಕಿಸಿದ ಒಂದು ಗಟ್ಟಿಮುಟ್ಟಾದ ಕಾವಲು ನಾಯಿ. ಅವನಿಂದ ಈ ಉದ್ಯಮಕ್ಕೆ ಬೇಕಾದದ್ದೂ ಒಂದಿದೆ: ಅವನ ಕುರಿಗಳು ಮತ್ತು ಕುರಿಯ ಬಗೆಗಿನ ಅವನ ತಿಳಿವಳಿಕೆ. ನಗರದಲ್ಲಿ ಮಂದೆಯ ತಳಿಗಳನ್ನು ಸಾಕಿ, ಅವುಗಳ ಚೈತನ್ಯಕ್ಕೆ ದಾರಿ ಕಾಣದೆ ಕಷ್ಟಪಡುವ ಕುಟುಂಬಗಳು ಅನೇಕ. ಅಂಥವರಿಗಾಗಿ ದೇವನಹಳ್ಳಿ ಅಥವಾ ದೊಡ್ಡಬಳ್ಳಾಪುರದ ಕಡೆ ಬೇಲಿ ಹಾಕಿದ ಎರಡು ಮೂರು ಎಕರೆಯಲ್ಲಿ ತರಬೇತಿ ಕೇಂದ್ರ ನಡೆಸುವವರು, ಕುರಿಗಾರನಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಆರೇಳು ಕುರಿಗಳನ್ನು ಪಡೆಯಬಹುದು. ಗಬ್ಬದ ಕುರಿಗಳನ್ನು ಎಂದೂ ಬಳಸಬಾರದು. ಒಂದೇ ಗುಂಪನ್ನು ಹೆಚ್ಚು ಹೊತ್ತು ಓಡಿಸಬಾರದು. ಬಿಸಿಲೇರುವ ಮೊದಲು ಕೆಲಸ ಮುಗಿಯಬೇಕು. ನಾಯಿಯ ಅಭ್ಯಾಸವಿಲ್ಲದ ಕುರಿಗಳು ಚದುರಿ ಬೇಲಿಗೆ ಬೀಳುವುದುಂಟು. ಅವನ್ನು ಮೊದಲು ಅನುಭವವುಳ್ಳ ಶಾಂತ ನಾಯಿಗೆ ಒಗ್ಗಿಸಬೇಕು.

ಕುರಿ ಇಲ್ಲದೆಯೇ ನಡೆಯುವ ಕ್ರೀಡೆ ಅಜಿಲಿಟಿ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ, ಕುದುರೆಗಳ ಅಡೆತಡೆ ಓಟದ ಮಾದರಿಯಲ್ಲಿ, ಬಿಡುವಿನ ವೇಳೆಯ ಮನರಂಜನೆಗಾಗಿ ಇದು ಆರಂಭವಾಯಿತು. ಜಿಗಿಯುವ ಅಡ್ಡಗಂಬಿ, ಬಟ್ಟೆಯ ಸುರಂಗ, ಏತದಂತೆ ಏರಿಳಿಯುವ ಹಲಗೆ, ಸಾಲಾಗಿ ನೆಟ್ಟ ಕೋಲುಗಳು ಇದರ ಸಾಮಗ್ರಿ. ಇವುಗಳಲ್ಲಿ ನಮ್ಮ ಸಣ್ಣ ಫ್ಯಾಬ್ರಿಕೇಷನ್ ಘಟಕಗಳಿಗೆ ಅಸಾಧ್ಯವಾದದ್ದು ಯಾವುದೂ ಇಲ್ಲ. ಆದರೆ ಅಡ್ಡಗಂಬಿ ನಾಯಿಯ ಕಾಲು ತಾಗಿದೊಡನೆ ಕೆಳಗೆ ಬೀಳುವಂತಿರಬೇಕು, ಹಲಗೆಯ ಮೇಲ್ಮೈ ಜಾರಬಾರದು, ಅಂಚುಗಳು ಚೂಪಾಗಿರಬಾರದು. ದೊಡ್ಡಬಳ್ಳಾಪುರದ ಸಿದ್ಧ ಉಡುಪು ಘಟಕಗಳಲ್ಲಿರುವ ಹೊಲಿಗೆಯ ಕೌಶಲದಿಂದ ಎದೆಪಟ್ಟಿ, ಹಗ್ಗ, ಹಾಸಿಗೆಗಳನ್ನು ತಯಾರಿಸಬಹುದು. ಎದೆಪಟ್ಟಿಯ ನೈಲಾನ್ ಪಟ್ಟಿ ಸೀರೆಯ ಮಗ್ಗದಲ್ಲಿ ಬರುವುದಿಲ್ಲ. ಅದನ್ನು ಕೊಂಡು ಹೊಲಿಯುವುದೇ ಆರಂಭದಲ್ಲಿ ಲಾಭಕರ. ಎಳೆತ ತಾಳುವ ಶಕ್ತಿಯನ್ನು ಪರೀಕ್ಷಿಸಿ ಮುದ್ರಿಸಿದ ಸರಕಿಗೆ ಗ್ರಾಹಕನ ನಂಬಿಕೆ ತಾನಾಗಿ ಬರುತ್ತದೆ.

ಮರೆಯಬಾರದ ಆರೋಗ್ಯ ವಿಚಾರ

ನಾಯಿ ಮತ್ತು ಕುರಿ ಒಂದೆಡೆ ಇರುವಲ್ಲಿ ಎರಡು ಎಚ್ಚರಿಕೆಗಳು ಅತ್ಯಗತ್ಯ. ಕುರಿ ಕೊಯ್ದ ಮೇಲೆ ಹಸಿ ಯಕೃತ್ತು, ಶ್ವಾಸಕೋಶ, ತಲೆಯ ಭಾಗಗಳನ್ನು ನಾಯಿಗೆ ಎಸೆಯುವ ರೂಢಿ ಅಪಾಯಕಾರಿ. ಅದರಿಂದ ನಾಯಿಯ ಹೊಟ್ಟೆಯಲ್ಲಿ ಲಾಡಿಹುಳುಗಳು ಬೆಳೆದು, ಅವುಗಳ ಮೊಟ್ಟೆ ಮಲದ ಮೂಲಕ ಮೇವಿಗೂ ನೀರಿಗೂ ಸೇರುತ್ತದೆ. ಕುರಿಗಳಲ್ಲಿ ಮಿದುಳಿಗೆ ತಗಲುವ ತಲೆಸುತ್ತು ರೋಗ, ಮನುಷ್ಯರಲ್ಲಿಯೂ ಯಕೃತ್ತು ಶ್ವಾಸಕೋಶಗಳಲ್ಲಿ ನೀರುಗಂಟು ಬರುವುದಕ್ಕೆ ಇದು ಕಾರಣ. ಪಶುವೈದ್ಯರ ಸಲಹೆಯಂತೆ ನಾಯಿಗೆ ನಿಯಮಿತವಾಗಿ ಲಾಡಿಹುಳುವಿನ ಔಷಧ ಕೊಡಬೇಕು.

ಎರಡನೆಯದು, ಕುರಿಗಳ ಜಂತುಹುಳು ಮತ್ತು ಉಣ್ಣೆಗಳಿಗೆ ಬಳಸುವ ಐವರ್ಮೆಕ್ಟಿನ್. ಕೋಲಿ ಮತ್ತು ಅದಕ್ಕೆ ಸಂಬಂಧಿಸಿದ ಕೆಲವು ತಳಿಗಳಲ್ಲಿ ಒಂದು ವಂಶವಾಹಿ ದೋಷವಿದ್ದು, ಔಷಧ ಮಿದುಳಿಗೆ ನುಗ್ಗಿ ನಾಯಿ ಸಾಯುವ ಸಂಭವವಿದೆ. 2001ರಲ್ಲಿ ಅಮೆರಿಕದ ವಿಜ್ಞಾನಿಗಳು ಈ ದೋಷವನ್ನು ಗುರುತಿಸಿದರು. ರಕ್ತ ಅಥವಾ ಬಾಯಿಯ ಒಳಕೆನ್ನೆಯ ಮಾದರಿಯಿಂದ ಅದನ್ನು ಪತ್ತೆ ಮಾಡಬಹುದು. ಕುರಿಗೆ ತಂದ ಔಷಧವನ್ನು ಅಂದಾಜಿನ ಮೇಲೆ ನಾಯಿಗೆ ಹಾಕುವುದು ಬೇಡ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಮ್ಮ ನಾಲ್ಕೂ ತಾಲ್ಲೂಕುಗಳಿಗೆ ಸಮೀಪದಲ್ಲಿಯೇ ಇದೆ.

ಕಾನೂನಿನ ವಿಚಾರದಲ್ಲಿಯೂ ಜಾಗರೂಕತೆ ಬೇಕು. 2024ರ ಮಾರ್ಚ್ 12ರಂದು ಕೇಂದ್ರದ ಸುತ್ತೋಲೆಯೊಂದು 23 ತಳಿಗಳನ್ನು ಅಪಾಯಕಾರಿ ಎಂದು ನಿಷೇಧಿಸಲು ಸೂಚಿಸಿತು. ಕಕೇಷಿಯನ್ ಷೆಫರ್ಡ್, ಕಂಗಾಲ್ ಮುಂತಾದ ಮಂದೆ ಕಾಯುವ ತಳಿಗಳೂ ಆ ಪಟ್ಟಿಯಲ್ಲಿದ್ದವು. ಏಪ್ರಿಲ್ 10ರಂದು ಕರ್ನಾಟಕ ಉಚ್ಚ ನ್ಯಾಯಾಲಯ ಆ ಸುತ್ತೋಲೆಯನ್ನು ರದ್ದುಪಡಿಸಿತು. ಬಂಡವಾಳ ಹೂಡುವ ಮುನ್ನ ಆಯಾ ಕಾಲದ ಆದೇಶಗಳನ್ನು ಪರಿಶೀಲಿಸುವುದು ಒಳಿತು. ಟಿಕೆಟ್ ಇಟ್ಟು ಪಂದ್ಯ ಅಥವಾ ಪ್ರದರ್ಶನ ನಡೆಸುವವರು ಪ್ರದರ್ಶನ ಪ್ರಾಣಿಗಳ ನೋಂದಣಿ ನಿಯಮಗಳು, 2001ರ ಅನ್ವಯ ಅನುಮತಿ ಅಗತ್ಯವೇ ಎಂದು ವಿಚಾರಿಸಿಕೊಳ್ಳಬೇಕು.

ನಮ್ಮ ಸಲಹೆ

ನಾಯಿ ಮಾರುವವರು ಪ್ರತಿ ಮಾರಾಟಕ್ಕೂ ಒಂದು ಪುಟದ ಕೆಲಸದ ದಾಖಲೆ ಕೊಡುವ ಪದ್ಧತಿ ಹಾಕಿಕೊಳ್ಳಬೇಕು. ತಂದೆತಾಯಿ ಯಾವ ಕೆಲಸ ಮಾಡಿವೆ, ಯಾರ ಮುಂದೆ ಮಾಡಿ ತೋರಿಸಿವೆ, ಸೊಂಟದ ಕ್ಷ-ಕಿರಣ ಪರೀಕ್ಷೆ ಆಗಿದೆಯೇ, ಯಾವ ಲಸಿಕೆ ಎಂದು ಹಾಕಿದೆ, ಈ ನಾಯಿಗೆ ಇಂದು ಏನು ಬರುತ್ತದೆ, ಏನು ಬರುವುದಿಲ್ಲ ಎಂಬಿಷ್ಟು ಅದರಲ್ಲಿರಲಿ. ಕೊಳ್ಳುವವರು ಒಂದು ವಾರ ಹದಿನೈದು ದಿನಗಳ ಪರೀಕ್ಷಾ ಅವಧಿಯನ್ನು ಒಪ್ಪಂದದಲ್ಲಿ ಸೇರಿಸಿಕೊಳ್ಳಲಿ. ನಮ್ಮ ಸಂಸ್ಥೆಗಳು ಪಶುವೈದ್ಯರು, ಕುರಿಗಾರರು ಮತ್ತು ತರಬೇತುದಾರರನ್ನು ಒಟ್ಟುಗೂಡಿಸಿ ವರ್ಷಕ್ಕೊಮ್ಮೆ ಒಂದು ಸಣ್ಣ ಕೆಲಸದ ಪರೀಕ್ಷೆಯನ್ನು ಏರ್ಪಡಿಸಬಹುದು. ಮೊದಲ ವರ್ಷ ಹತ್ತು ನಾಯಿ ಬಂದರೂ ಸಾಕು. ಬಾಲಾದಲ್ಲಿಯೂ ಬಂದದ್ದು ಹತ್ತೇ.

ಅದಕ್ಕೆ ಮೊದಲು ಪ್ರತಿಯೊಬ್ಬ ಕಾರ್ಖಾನೆದಾರನೂ ಇಂದೇ ಮಾಡಬಹುದಾದ ಕೆಲಸವೊಂದಿದೆ. ಗೇಟಿನ ಬಳಿಯ ಆ ನಾಯಿಯನ್ನು ದಿನಕ್ಕೆ ಎರಡು ಬಾರಿ ಸರಪಳಿಯಿಂದ ಬಿಡಿಸಿ, ಒಬ್ಬನೇ ಕಾವಲುಗಾರನ ವಶಕ್ಕೆ ಕೊಟ್ಟು, ಕಾಂಪೌಂಡಿನ ಸುತ್ತ ಹಗ್ಗ ಹಿಡಿದು ನಡೆಸಲಿ. ಕರೆದರೆ ಬರುವುದನ್ನೂ ಹೇಳಿದರೆ ಸುಮ್ಮನಾಗುವುದನ್ನೂ ಕಲಿಸಲಿ. ಎಲ್ಲರಿಗೂ ಬೊಗಳುವ ನಾಯಿಯ ಬೊಗಳಿಕೆಯನ್ನು ಕಾವಲುಗಾರನೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅಪರಿಚಿತನಿಗೆ ಮಾತ್ರ ಬೊಗಳುವ ನಾಯಿಯಿಂದ ಗೋದಾಮಿನ ಸರಕಿಗೂ ಕ್ಷೇಮ, ಹಾಕಿದ ಹಣಕ್ಕೂ ಫಲ.